ಹಿಮ ಬಿದ್ದ ದಿನ ಬಟ್ಟೆಗೆ ಬಣ್ಣ

ಷಿಕಾಗೊ, ಮಿನಿಯಾಪೊಲಿಸ್, ಬಫಲೋ, ಟೊರಾಂಟೊ ಕಡೆ ನೆಲೆಸಿರುವ ಕನ್ನಡಿಗರ ಮನೆಯಲ್ಲಿ ಜನವರಿ ತಿಂಗಳಲ್ಲಿ ಎರಡು ಸಾಮಾನಿಗೆ ಬರವಿರುವುದಿಲ್ಲ. ಒಂದು, ಹಿತ್ತಲಲ್ಲಿ ರಾಶಿ ಬಿದ್ದಿರುವ ಹಿಮ. ಇನ್ನೊಂದು, ಊರಿಗೆ ಹೋಗಿ ಬಂದಾಗಲೆಲ್ಲ ಒಂದೊಂದಾಗಿ ಸೇರಿಕೊಂಡು ಬೀರುವಿನ ತಳ ಹಿಡಿದಿರುವ ಬಿಳಿ ಹತ್ತಿ ಬಟ್ಟೆ: ಮದುವೆಮನೆಯಲ್ಲಿ ಕೊಟ್ಟ ಪಂಚೆ, ಯಾರೂ ಹೊದೆಯದ ಶಲ್ಯ, ಸಾರಿನ ಕಲೆ ಹತ್ತಿದ ಕುರ್ತಾ, ಹಳೆಯ ದಿಂಬಿನ ಚೀಲ. ಇವೆರಡರ ಜೊತೆಗೆ ಒಂದಿಷ್ಟು ಬಣ್ಣದ ಪುಡಿ ಮತ್ತು ಸೋಡಾ ತಂದುಕೊಂಡರೆ, ಹೊರಗೆ ಕಾಲಿಡಲಾಗದ ಒಂದು ಶನಿವಾರ ಭಾನುವಾರಕ್ಕೆ ಒಳ್ಳೆಯ ಕೆಲಸವಾಗುತ್ತದೆ.

ವಿಧಾನ ಕೇಳುವುದಕ್ಕೆ ಬಹಳ ಸರಳ. ಸೋಡಾ ನೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯನ್ನು ಮುದುಡಿ ಇಡುವುದು, ಅದರ ಮೇಲೆ ಹಿಮ ಪೇರಿಸುವುದು, ಹಿಮದ ಮೇಲೆ ಬಣ್ಣದ ಪುಡಿ ಉದುರಿಸುವುದು, ಆಮೇಲೆ ಕೈಕಟ್ಟಿ ಕೂರುವುದು. ಹಿಮ ಕರಗುತ್ತ ಕರಗುತ್ತ ಪುಡಿಯನ್ನು ತನ್ನ ಜೊತೆಗೇ ಬಟ್ಟೆಯೊಳಕ್ಕೆ ಇಳಿಸುತ್ತದೆ. ಮರುದಿನ ತೊಳೆದು ಬಿಡಿಸಿದಾಗ, ಒಂದು ಬಣ್ಣ ಇನ್ನೊಂದಕ್ಕೆ ಎಲ್ಲಿ ಸೇರಿತು ಎಂದು ಬೆರಳಿಟ್ಟು ತೋರಿಸಲಾಗದಂಥ ಚಿತ್ತಾರ ಮೂಡಿರುತ್ತದೆ.

ಇಷ್ಟೇ ನೋಡಿ ಕೈ ಹಾಕಿದವರು ಒಂದೆರಡು ಒಗೆತಕ್ಕೇ ಬಣ್ಣವೆಲ್ಲ ಹೋಯಿತೆಂದು ಗೊಣಗುವುದೂ ಉಂಟು. ಚಿತ್ತಾರವನ್ನು ಹಿಮದ ಪಾಲಿಗೆ ಬಿಟ್ಟುಬಿಡಬಹುದು. ಬಣ್ಣ ನಿಲ್ಲಿಸುವ ಕೆಲಸ ಮಾತ್ರ ನಮ್ಮದೇ. ಅದು ಹಿಮ ಮುಟ್ಟುವುದಕ್ಕೆ ಮೊದಲು ಅರ್ಧ, ಹಿಮ ಕರಗಿದ ಮೇಲೆ ಅರ್ಧ ನಡೆಯುತ್ತದೆ. ಹಾಗಾಗಿ ಈ ಲೇಖನದಲ್ಲಿ ಹಿಮಕ್ಕಿಂತ ಸೋಡಾ, ಶಾಖ ಮತ್ತು ತೊಳೆಯುವ ನೀರಿನ ಮಾತೇ ಹೆಚ್ಚು.

ಯಾವ ಬಣ್ಣ

ಅಂಗಡಿಯಲ್ಲಿ ಸಿಗುವ ಎಲ್ಲ ಬಣ್ಣವೂ ಇದಕ್ಕೆ ಆಗುವುದಿಲ್ಲ. ನೀರು ಕುದಿಸಿ ಬಟ್ಟೆ ಅದ್ದುವ ಬಣ್ಣಗಳಿಗೆ ಕಾವೇ ಜೀವ. ಅರಿಶಿನ, ಮಂಜಿಷ್ಠ, ದಾಳಿಂಬೆ ಸಿಪ್ಪೆಯಂಥ ಗಿಡಮೂಲದ ಬಣ್ಣಗಳನ್ನೂ ಸಾಮಾನ್ಯವಾಗಿ ಬಿಸಿನೀರಿನಲ್ಲೇ ಬಟ್ಟೆಗೆ ಹಿಡಿಸುತ್ತಾರೆ. ಹಿಮದ ಕೆಲಸಕ್ಕೆ ಬೇಕಾದ್ದು ತಣ್ಣಗಿನ ನೀರಿನಲ್ಲೂ ನೂಲಿಗೆ ಕಚ್ಚುವ ರಿಯಾಕ್ಟಿವ್ ಬಣ್ಣ. ಅದರಲ್ಲೂ ಪ್ರೋಸಿಯಾನ್ ಎಂಎಕ್ಸ್ ಎಂಬ ಜಾತಿಯದು.

ಈ ಬಣ್ಣಗಳ ಕಥೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ಶುರುವಾಯಿತು. ಐಸಿಐ ಕಂಪನಿಯ ರಸಾಯನಶಾಸ್ತ್ರಜ್ಞರಾದ ಇಯಾನ್ ರ‍್ಯಾಟಿ ಮತ್ತು ವಿಲಿಯಂ ಸ್ಟೀಫನ್ 1954ರ ಸುಮಾರಿಗೆ ಇದನ್ನು ಕಂಡುಹಿಡಿದರು. 1956ರಲ್ಲಿ ಪ್ರೋಸಿಯಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ವಿಲಿಯಂ ಪರ್ಕಿನ್ 1856ರಲ್ಲಿ ಮೊದಲ ಕೃತಕ ಬಣ್ಣ ಮಾಡಿ ಆಗ ಸರಿಯಾಗಿ ನೂರು ವರ್ಷವಾಗಿತ್ತು. ಅಲ್ಲಿಯವರೆಗಿನ ಹತ್ತಿಯ ಬಣ್ಣಗಳಲ್ಲಿ ಹೆಚ್ಚಿನವು ನೂಲಿಗೆ ಅಂಟಿಕೊಂಡಿರುತ್ತಿದ್ದವು, ಇಲ್ಲವೇ ನೂಲಿನ ಒಳಗೆ ಸಿಕ್ಕಿಬಿದ್ದಿರುತ್ತಿದ್ದವು. ರಿಯಾಕ್ಟಿವ್ ಬಣ್ಣ ಹಾಗಲ್ಲ. ಹತ್ತಿಯ ಸೆಲ್ಯುಲೋಸ್ ಜೊತೆ ರಾಸಾಯನಿಕವಾಗಿ ಕೂಡಿಕೊಂಡು ನೂಲಿನದೇ ಭಾಗವಾಗಿಬಿಡುತ್ತದೆ. ಕೂಡಿಕೊಂಡದ್ದು ಸೋಪಿಗೂ ಬಿಸಿನೀರಿಗೂ ಬಿಟ್ಟುಕೊಡುವುದಿಲ್ಲ.

ಆದರೆ ಈ ಕೂಡಿಕೆ ತಾನಾಗಿ ಆಗದು, ನೀರು ಕ್ಷಾರವಾಗಿರಬೇಕು. ಸೋಡಾ ಬೇಕಾಗುವುದು ಅದಕ್ಕೆ. ಇನ್ನೊಂದು ತೊಡಕೂ ಇದೆ. ಕ್ಷಾರದಲ್ಲಿ ಬಣ್ಣ ನೂಲಿನ ಜೊತೆಗೆ ಮಾತ್ರವಲ್ಲ, ನೀರಿನ ಜೊತೆಗೂ ಕೂಡಿಕೊಳ್ಳುತ್ತದೆ. ನೀರಿಗೆ ಸೇರಿದ ಬಣ್ಣ ನೋಡುವುದಕ್ಕೆ ಅದೇ ಕೆಂಪು, ಅದೇ ನೀಲಿ. ನೂಲಿಗೆ ಮಾತ್ರ ಮತ್ತೆ ಕಚ್ಚಲಾರದು. ಕೊನೆಯಲ್ಲಿ ಬಕೆಟ್ಟುಗಟ್ಟಲೆ ಬಣ್ಣದ ನೀರು ಹರಿದುಹೋಗುವುದು ಇದರಿಂದಲೇ. ಅದನ್ನು ಕಂಡು ಎದೆಗುಂದಬೇಕಾಗಿಲ್ಲ.

ಯಾವ ಬಟ್ಟೆ

ಹತ್ತಿ, ನಾರಗಸೆಯ ಲಿನನ್, ರೇಯಾನ್, ವಿಸ್ಕೋಸ್: ಗಿಡದಿಂದ ಬಂದದ್ದೆಲ್ಲ ಸರಿ. ಪಾಲಿಯೆಸ್ಟರ್ ಆಗದು. ಹತ್ತಿಗೆ ಪಾಲಿಯೆಸ್ಟರ್ ಬೆರೆತಿದ್ದರೆ ಹತ್ತಿಯ ಪಾಲು ಮಾತ್ರ ಬಣ್ಣ ಹಿಡಿದು ಒಟ್ಟಾರೆ ಪೇಲವವಾಗಿ ಕಾಣುತ್ತದೆ. ಪೂರ್ತಿ ಹತ್ತಿಯ ಕುರ್ತಾಕ್ಕೂ ಹೊಲಿಗೆ ಹಾಕಿದ್ದು ಪಾಲಿಯೆಸ್ಟರ್ ದಾರದಲ್ಲಿರುವುದೇ ಹೆಚ್ಚು. ಬಣ್ಣವೆಲ್ಲ ಹಾಕಿ ಮುಗಿದ ಮೇಲೂ ಹೊಲಿಗೆ ಬೆಳ್ಳಗೆ ಎದ್ದು ಕಾಣುತ್ತದೆ. ಕೆಲವರಿಗೆ ಅದೇ ಚೆಂದ.

ರೇಷ್ಮೆಯೂ ಈ ಬಣ್ಣ ಹಿಡಿಯುತ್ತದೆ, ಆದರೆ ಸೋಡಾದಲ್ಲಿ ಹೆಚ್ಚು ಹೊತ್ತು ಇಟ್ಟರೆ ಹೊಳಪು ಕಳೆದುಕೊಳ್ಳುತ್ತದೆ. ಉಣ್ಣೆಯನ್ನಂತೂ ಸೋಡಾದ ಹತ್ತಿರ ತರಬೇಡಿ. ಅಜ್ಜಿಯ ಜರಿಯಂಚಿನ ಸೀರೆಯ ಮೇಲೆ ಪ್ರಯೋಗ ಮಾಡುವ ಯೋಚನೆ ಬಂದರೆ ಆ ಯೋಚನೆಯನ್ನು ಅಲ್ಲೇ ಬಿಡಿ, ಅಸಲಿ ಜರಿಗೂ ಕ್ಷಾರಕ್ಕೂ ಆಗಿಬರುವುದಿಲ್ಲ.

ನನ್ನ ಮಟ್ಟಿಗೆ ಮೊದಲ ಸಲಕ್ಕೆ ತೆಳು ಹತ್ತಿ ಪಂಚೆಗಿಂತ ಒಳ್ಳೆಯ ಬಟ್ಟೆ ಇಲ್ಲ. ಹೊಲಿಗೆಯಿಲ್ಲ, ಗುಂಡಿಯಿಲ್ಲ, ನಾಲ್ಕು ಮೊಳದ್ದಾದರೂ ಚಿತ್ತಾರ ಹರಡಿಕೊಳ್ಳಲು ಬೇಕಾದಷ್ಟು ಜಾಗವಿರುತ್ತದೆ. ಚೆನ್ನಾಗಿ ಬಂದರೆ ಮೇಜಿನ ಹಾಸು, ಕಿಟಕಿಯ ಪರದೆ, ದುಪಟ್ಟಾ ಏನಾದರೂ ಆದೀತು. ಕೆಟ್ಟರೆ ಒರೆಸುವ ಬಟ್ಟೆ. ಖಾದಿ ಸಿಕ್ಕಿದರಂತೂ ಬಿಡಬೇಡಿ. ಕೈನೂಲಿನಲ್ಲಿ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಬಣ್ಣವೂ ಹಾಗೆಯೇ ಹೆಚ್ಚುಕಡಿಮೆಯಾಗಿ ಕೂತು, ಮಗ್ಗದ ಏರುಪೇರು ಮತ್ತು ಹಿಮದ ಏರುಪೇರು ಒಂದಕ್ಕೊಂದು ಒಪ್ಪುತ್ತವೆ.

ಹೊಸ ಬಟ್ಟೆಯಾದರೆ ಗಂಜಿ ತೆಗೆಯಲೇಬೇಕು. ನೇಯುವ ಮೊದಲು ಹಾಸಿನ ನೂಲಿಗೆ ಗಂಜಿ ಕುಡಿಸಿರುತ್ತಾರೆ, ಅಂಗಡಿಗೆ ಬರುವಾಗ ಮತ್ತೊಂದು ಸಲ ಮೆರುಗು ಹಾಕಿರುತ್ತಾರೆ. ಗಂಜಿಯೂ ಸೆಲ್ಯುಲೋಸಿನ ಬಳಗವೇ ಆದ್ದರಿಂದ ಬಣ್ಣವನ್ನು ತಾನೇ ಹಿಡಿದುಕೊಂಡು, ಮುಂದಿನ ಒಗೆತದಲ್ಲಿ ಅದರ ಜೊತೆಗೇ ಹೊರಟುಹೋಗುತ್ತದೆ. ಬಿಸಿನೀರಿಗೆ ಸ್ವಲ್ಪ ಸೋಪು, ಒಂದು ಚಮಚ ಸೋಡಾ ಹಾಕಿ ಒಗೆಯಿರಿ. ಬಟ್ಟೆ ಮೃದುಮಾಡುವ ಸುವಾಸನೆಯ ದ್ರವ ಹಾಕಬೇಡಿ, ಅದು ಕೂತ ಕಡೆ ಬಣ್ಣ ಸರಿಯಾಗಿ ಇಳಿಯುವುದಿಲ್ಲ. ಒಗೆದು ಒಣಗಿಸಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನಂತೆ ನಿಂತರೆ ಗಂಜಿಯೋ ಎಣ್ಣೆಯೋ ಇನ್ನೂ ಉಳಿದಿದೆ ಎಂದು ತಿಳಿಯಬೇಕು.

ಸೋಡಾ

ಬೇಕಾದ್ದು ಸೋಡಾ ಆಶ್, ಅಂದರೆ ಬಟ್ಟೆ ಸೋಡಾ. ಅಡುಗೆ ಸೋಡಾ ಬೇರೆ, ಅದರ ಕ್ಷಾರ ಇಲ್ಲಿಗೆ ಸಾಲದು. ಹಿಂದೆ ನಮ್ಮ ಹಳ್ಳಿಗಳಲ್ಲಿ ಚೌಳು ಮಣ್ಣಿನಲ್ಲಿ ಬಟ್ಟೆ ಬೇಯಿಸಿ ಒಗೆಯುತ್ತಿದ್ದಾಗ ಕೊಳೆ ಬಿಡಿಸುತ್ತಿದ್ದುದೂ ಆ ಮಣ್ಣಿನ ಕ್ಷಾರವೇ.

ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಸೋಡಾ ಆಶ್ ಸಾಕು. ಪುಡಿಯನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕುತ್ತ ಕಲಕಿ, ಒಂದೇ ಸಲಕ್ಕೆ ಸುರಿದರೆ ತಳದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಸಿಕ್ಕಿದ್ದು ಹರಳು ಹರಳಾಗಿರುವ ವಾಷಿಂಗ್ ಸೋಡಾ ಆದರೆ ಲೆಕ್ಕ ಬದಲಾಗುತ್ತದೆ. ಆ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ 50 ಗ್ರಾಂ ಬದಲು ಸುಮಾರು 135 ಗ್ರಾಂ ಬೇಕು. ಬಟ್ಟೆಯನ್ನು ಇದರಲ್ಲಿ 20ರಿಂದ 30 ನಿಮಿಷ ಮುಳುಗಿಸಿಟ್ಟು ಗಟ್ಟಿಯಾಗಿ ಹಿಂಡಿ. ಕೈಗೆ ರಬ್ಬರ್ ಗವಸು ಬೇಕೇ ಬೇಕು, ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಪಂಚೆಯ ಮೇಲೆ ಎಲ್ಲಾದರೂ ಅರಿಶಿನದ ಕಲೆ ಇದ್ದರೆ ಸೋಡಾ ನೀರಿಗೆ ಬಿದ್ದೊಡನೆ ಅದು ಕೆಂಪಗೆ ತಿರುಗುತ್ತದೆ. ಗಾಬರಿಯಾಗಬೇಡಿ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವಾಗ ಆಗುವುದೂ ಇದೇ. ಆ ಕೆಂಪು ಉಳಿಯುವುದಿಲ್ಲ, ಸೋಡಾ ತೊಳೆದುಹೋದ ಮೇಲೆ ಮತ್ತೆ ಹಳದಿಗೆ ಬರುತ್ತದೆ. ಎಣ್ಣೆ, ತುಪ್ಪದ ಕಲೆ ಹಾಗಲ್ಲ. ಅವನ್ನು ಮೊದಲೇ ತೆಗೆಯದಿದ್ದರೆ ಅಷ್ಟು ಜಾಗ ಬಣ್ಣ ಹಿಡಿಯದೆ ತೇಪೆಯಂತೆ ಕಾಣುತ್ತದೆ.

ಮುದುಡುವುದು, ಹಿಮ ಪೇರಿಸುವುದು

ಅಗಲವಾದ ಪ್ಲಾಸ್ಟಿಕ್ ಟಬ್ಬಿನೊಳಗೆ ಒಂದು ಜಾಲರಿ ಅಥವಾ ತಂತಿಯ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಬಟ್ಟೆ ಇಡಬೇಕು. ಕರಗಿದ ನೀರು ಕೆಳಗಿಳಿದು ನಿಂತರೂ ಬಟ್ಟೆಗೆ ತಾಗಬಾರದು. ಎಲ್ಲ ಬಣ್ಣ ಬೆರೆತ ಆ ನೀರು ಹೆಚ್ಚುಕಡಿಮೆ ಕಂದಾಗಿರುತ್ತದೆ, ಅದರಲ್ಲಿ ಬಟ್ಟೆ ಕೂತರೆ ಬಿಳಿ ಉಳಿಯುವುದಿಲ್ಲ. ಬಿಳಿ ಬೇಡ, ಎಲ್ಲೆಡೆ ಒಂದು ಮಂದ ಹಿನ್ನೆಲೆ ಇರಲಿ ಅನ್ನುವವರು ಜಾಲರಿ ಇಡದೆಯೂ ಮಾಡಬಹುದು. ಜಾಲರಿಯ ಕೆಳಗೆ ಸೋಡಾದಲ್ಲಿ ನೆನೆಸಿದ ಇನ್ನೊಂದು ಕರವಸ್ತ್ರವನ್ನೋ ದಿಂಬಿನ ಚೀಲವನ್ನೋ ಹಾಸಿಟ್ಟರೆ ಇಳಿದ ನೀರಿನಲ್ಲಿ ಅದೂ ಬಣ್ಣ ಹಿಡಿಯುತ್ತದೆ. ಎಷ್ಟೋ ಸಲ ಮೇಲಿನದಕ್ಕಿಂತ ಅದೇ ಹಿತವಾಗಿ ಕಾಣುವುದುಂಟು.

ಬಟ್ಟೆಯನ್ನು ಹೇಗೆ ಇಡುತ್ತೀರಿ ಎಂಬುದರ ಮೇಲೆ ಚಿತ್ತಾರದ ಜಾಡು ನಿಂತಿದೆ. ಸುಮ್ಮನೆ ಕೈಯಲ್ಲಿ ಮುದುಡಿ ಹಾಕಿದರೆ ಮೋಡದಂತೆ ಎಲ್ಲ ಕಡೆ ಹರಡುತ್ತದೆ. ಮಧ್ಯ ಹಿಡಿದು ತಿರುಚಿದರೆ ಸುಳಿ. ಸೀರೆಗೆ ನೆರಿಗೆ ಹಿಡಿಯಲು ಬರುವವರಿಗೆ ಇಲ್ಲೊಂದು ಅನುಕೂಲವಿದೆ. ಎರಡು ಬೆರಳಗಲದ ನೆರಿಗೆಗಳನ್ನು ಉದ್ದಕ್ಕೂ ಹಿಡಿದು ಹಾವಿನಂತೆ ಬಳಸಿಟ್ಟರೆ ಪಟ್ಟೆಪಟ್ಟೆಯಾಗಿ, ಅಂಚು ಕರಗಿದ ಗೆರೆಗಳು ಬರುತ್ತವೆ. ಪಂಚೆಯನ್ನು ನಾಲ್ಕಾಗಿ ಮಡಿಚಿ, ಮೂಲೆಯಿಂದ ಬೀಸಣಿಗೆಯಂತೆ ನೆರಿಗೆ ಹಾಕಿ ದಾರ ಕಟ್ಟಿಟ್ಟರೆ ಬಿಡಿಸಿದಾಗ ರಂಗೋಲಿಯ ಮಂಡಲದಂತೆ ಸುತ್ತುಸುತ್ತಾಗಿ ತೆರೆದುಕೊಳ್ಳುತ್ತದೆ. ದಪ್ಪ ಕಟ್ಟಿನ ಒಳಪದರಕ್ಕೆ ಬಣ್ಣ ತಲಪುವುದಿಲ್ಲ ಎಂಬುದು ನೆನಪಿರಲಿ. ತೆಳ್ಳಗೆ, ಅಗಲವಾಗಿ ಇಟ್ಟಷ್ಟೂ ಒಳ್ಳೆಯದು.

ಈಗ ಹಿಮ. ರಸ್ತೆಯ ಬದಿಯದು ಬೇಡ, ಅದರಲ್ಲಿ ಉಪ್ಪು, ಮಣ್ಣು, ಡೀಸೆಲ್ ಮಸಿ. ನಾಯಿ ಅಡ್ಡಾಡದ ಜಾಗದ್ದಾಗಿರಲಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆಗತಾನೆ ಬಿದ್ದ ಹಿಮವಾದರೆ ಬಲು ಹಗುರ, ಸಾಮಾನ್ಯವಾಗಿ ಹತ್ತು ಅಂಗುಲ ಹಿಮ ಕರಗಿದರೆ ಸಿಗುವುದು ಒಂದು ಅಂಗುಲ ನೀರು. ಕಡಿಮೆ ಚಳಿಯಲ್ಲಿ ಬಿದ್ದ ಒದ್ದೆ ಹಿಮದಲ್ಲಿ ನೀರು ಇದಕ್ಕಿಂತ ಹೆಚ್ಚು, ಗಡಗಡ ಚಳಿಯಲ್ಲಿ ಬಿದ್ದ ಒಣ ಪುಡಿಹಿಮದಲ್ಲಿ ಇನ್ನೂ ಕಡಿಮೆ. ಬಟ್ಟೆಯ ಮೇಲೆ ಗೇಣೆತ್ತರ ಹೊರಿಸಿ ಅಂಗೈಯಲ್ಲಿ ಹಗುರವಾಗಿ ಒತ್ತಿ, ಬಟ್ಟೆಯ ಒಂದು ಮೂಲೆಯೂ ಹೊರಗೆ ಕಾಣದಂತೆ ಮುಚ್ಚಿ. ಒಣ ಹಿಮವಾದರೆ ಇನ್ನಷ್ಟು ಹಾಕಿ. ಹಿಮ ಸಾಲದೆ ಹೋದರೆ ಪುಡಿ ಪೂರ್ತಿ ಕರಗದೆ ಬಟ್ಟೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕೂರುತ್ತದೆ.

ಹಿಮ ಕರಗಿದ ನೀರಿನ ಒಂದು ಗುಣವನ್ನು ಇಲ್ಲೇ ಹೇಳಬೇಕು. ಅದು ಮೆದು ನೀರು. ಸುಣ್ಣದಂಶ ಇಲ್ಲದ್ದರಿಂದ ಬಣ್ಣ ನಿಚ್ಚಳವಾಗಿ ಕರಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಡಾ ಹಾಕಿದರೆ ಬೆಳ್ಳಗೆ ಕದಡುವುದನ್ನು ನೋಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಪುಡಿ ಉದುರಿಸುವಾಗ

ಮೂಗಿಗೆ ಮಾಸ್ಕ್ ಹಾಕದೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಬೇಡಿ. ರಿಯಾಕ್ಟಿವ್ ಬಣ್ಣದ ದೂಳು ಉಸಿರಿನಲ್ಲಿ ಒಳಹೋಗುತ್ತಿದ್ದರೆ ಕೆಲವರಿಗೆ ಅಲರ್ಜಿ, ದಮ್ಮಿನಂಥ ತೊಂದರೆ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡರೆ ಆಮೇಲೆ ಚೂರು ದೂಳಿಗೂ ಕೆರಳುತ್ತದೆ. ಎನ್95 ಮಾಸ್ಕ್ ಇರಲಿ. ಫ್ಯಾನ್, ಹೀಟರಿನ ಗಾಳಿ ಬೀಸದ ಜಾಗದಲ್ಲಿ, ಕೆಳಗೆ ಒದ್ದೆ ಮಾಡಿದ ಹಳೆಯ ಪತ್ರಿಕೆ ಹಾಸಿ ಕೆಲಸ ಮಾಡಿದರೆ ಹಾರಿದ ಪುಡಿ ಅಲ್ಲೇ ಅಂಟುತ್ತದೆ. ಚಮಚ, ಜರಡಿ, ಟಬ್ ಏನೇ ಬಳಸಿದರೂ ಅದು ಮತ್ತೆ ಅಡುಗೆಮನೆಗೆ ಹೋಗಕೂಡದು. ಮಕ್ಕಳಿಗೆ ಹಿಮ ತುಂಬಿ ತರುವ ಕೆಲಸ ಕೊಡಿ, ಪುಡಿಯ ಕೆಲಸ ಬೇಡ. ಬಣ್ಣದ ಹಿಮ ಐಸ್‌ಕ್ಯಾಂಡಿಯಂತೆ ಕಾಣುವುದರಿಂದ ಪುಟ್ಟ ಮಕ್ಕಳಿರುವ ಮನೆಯಲ್ಲಿ ಟಬ್ಬನ್ನು ಕೈಗೆಟುಕದ ಕಡೆ ಇಡಬೇಕು.

ಒಂದು ಟೀ ಶರ್ಟಿಗೆ ಒಟ್ಟು ಎರಡು ಮೂರು ಟೀ ಚಮಚ ಪುಡಿ ಸಾಕೆಂಬುದು ನಾನು ಹಿಡಿದಿರುವ ಲೆಕ್ಕ. ಪಂಚೆಗೆ ಅದರ ಎರಡರಷ್ಟು. ಟೀ ಜರಡಿಯಲ್ಲಿ ಹಾಕಿ ಮೆಲ್ಲಗೆ ತಟ್ಟುತ್ತ ಹೋದರೆ ಸಮವಾಗಿ ಬೀಳುತ್ತದೆ, ಚಮಚದ ತುದಿಯಿಂದ ಉದುರಿಸಿದರೆ ಒಂದೊಂದು ಕಡೆ ಗಾಢ. ಪುಡಿಯನ್ನು ಹಿಮದ ಮೇಲೆ ಹಾಕದೆ ನೇರ ಬಟ್ಟೆಯ ಮೇಲೆ ಹಾಕಿ ಅದರ ಮೇಲೆ ಹಿಮ ಮುಚ್ಚುವುದೂ ಒಂದು ಬಗೆ. ಆಗ ಬಣ್ಣ ಕಡಿಮೆ ಬೆರೆತು, ಚುಕ್ಕಿಗಳು ಹರಿತವಾಗಿ ನಿಲ್ಲುತ್ತವೆ. ನನಗೆ ಮೇಲಿನಿಂದ ಹಾಕುವುದೇ ಇಷ್ಟ.

ಬಣ್ಣ ಆರಿಸುವಾಗ ಹೊಸಬರು ಕಾಮನಬಿಲ್ಲಿನ ಏಳನ್ನೂ ಹಾಕಲು ಹೋಗುತ್ತಾರೆ. ಹಳದಿಯೂ ನೇರಳೆಯೂ ಸಂಧಿಸಿದಲ್ಲಿ ಕೆಸರು, ಕೆಂಪೂ ಹಸಿರೂ ಸಂಧಿಸಿದಲ್ಲಿ ಕೆಸರು. ಒಂದಕ್ಕೊಂದು ನಂಟಿರುವ ಎರಡು ಮೂರು ಬಣ್ಣ ಸಾಕು. ಅದಕ್ಕಿಂತಲೂ ಒಳ್ಳೆಯ ಉಪಾಯವೆಂದರೆ ಒಂದೇ ಒಂದು ಡಬ್ಬಿ, ಅದೂ ಕಪ್ಪು!

ಈ ಇಡೀ ಕೆಲಸದ ಸೊಗಸು ಇರುವುದೇ ಇಲ್ಲಿ. ಅಂಗಡಿಯಲ್ಲಿ ಕಪ್ಪು, ಬೂದು, ಕಂದು, ಕಡುನೇರಳೆ, ಆಲಿವ್ ಎಂದು ಮಾರುವ ಪುಡಿಗಳಲ್ಲಿ ಹೆಚ್ಚಿನವು ಒಂದೇ ಬಣ್ಣವಲ್ಲ. ಎರಡು, ಮೂರು, ನಾಲ್ಕು ಮೂಲಬಣ್ಣಗಳನ್ನು ಬೆರೆಸಿ ಆ ಛಾಯೆ ಬರಿಸಿರುತ್ತಾರೆ. ನೀರಲ್ಲಿ ಕಲಕಿ ಅದ್ದಿದರೆ ಎಲ್ಲವೂ ಒಟ್ಟಿಗೇ ಕೂತು ಡಬ್ಬಿಯ ಮೇಲೆ ಬರೆದ ಬಣ್ಣವೇ ಬರುತ್ತದೆ. ಹಿಮ ಹಾಗೆ ಅವಸರ ಮಾಡುವುದಿಲ್ಲ. ಬೇಗ ಕರಗುವ ಬಣ್ಣ ಮೊದಲು ಇಳಿದು ದೂರ ಹೋಗುತ್ತದೆ, ಬೇಗ ಕಚ್ಚುವುದು ಬಿದ್ದಲ್ಲೇ ನಿಲ್ಲುತ್ತದೆ, ನಿಧಾನದ್ದು ಅಂಚಿಗೆ ಹರಿದು ಅಲ್ಲಿ ನೆಲೆಯಾಗುತ್ತದೆ. ಕಪ್ಪು ಪುಡಿ ಉದುರಿಸಿದ ಪಂಚೆಯಲ್ಲಿ ಒಂದು ಕಡೆ ಕಿತ್ತಳೆಯ ಬೆಳಕು, ಒಂದು ಕಡೆ ಕಡಲ ನೀಲಿ, ನಡುವೆ ನೇರಳೆ ಬಂದಿರುತ್ತದೆ. ಯಾವ ಕಂಪನಿಯ ಕಪ್ಪಿನಲ್ಲಿ ಏನೇನು ಅಡಗಿದೆ ಎಂಬುದನ್ನು ಮೊದಲೇ ತಿಳಿಯಲು ಒದ್ದೆ ಮಾಡಿದ ಟಿಶ್ಯೂ ಕಾಗದದ ಮೇಲೆ ಒಂದು ಚಿಟಿಕೆಯ ಹತ್ತನೇ ಒಂದು ಪಾಲಿನಷ್ಟು ಪುಡಿ ಊದಿದಂತೆ ಉದುರಿಸಿ. ಒಂದೊಂದು ಕಣವೂ ತನ್ನ ನಿಜಬಣ್ಣ ಬಿಟ್ಟುಕೊಳ್ಳುತ್ತದೆ. ಬೆರಕೆಯಿಲ್ಲದ ಪುಡಿಯಾದರೆ ಕಾಗದವೆಲ್ಲ ಒಂದೇ ಬಣ್ಣ.

ಬೆರಕೆಯಿಲ್ಲದವುಗಳಲ್ಲೂ ಸ್ವಭಾವಭೇದ ಉಂಟು. ಫ್ಯೂಷಿಯಾ ಎಂದು ಮಾರುವ ಗುಲಾಬಿಗೆಂಪು ಬಲು ಚುರುಕು, ಮುಟ್ಟಿದ ಕಡೆ ಕಚ್ಚಿಬಿಡುತ್ತದೆ. ಬೇರೆ ಬಣ್ಣಗಳ ಜೊತೆ ಹಾಕುವಾಗ ಇದರ ಪಾಲು ಕಡಿಮೆ ಇರಲಿ. ಟರ್ಕಾಯ್ಸ್ ಎಂಬ ನವಿಲುನೀಲಿ ಇದಕ್ಕೆ ತದ್ವಿರುದ್ಧ. ದೊಡ್ಡ ಅಣು, ನಿಧಾನ ಬುದ್ಧಿ, ಚಳಿಗೆ ಮುದುರಿ ಕೂರುತ್ತದೆ. ತಂಪಿನಲ್ಲೇ ತೊಳೆದುಬಿಟ್ಟರೆ ಅದರಲ್ಲಿ ಹೆಚ್ಚಿನ ಪಾಲು ಮೋರಿಗೆ ಹೋಗುತ್ತದೆ. ಅದನ್ನು ಬಳಸಬೇಕೆಂದರೆ ಮುಂದೆ ಹೇಳುವ ಬೆಚ್ಚಗಿಡುವ ಹಂತವನ್ನು ಬಿಡುವಂತಿಲ್ಲ.

ಕರಗಲು ಬಿಟ್ಟು, ಆಮೇಲೆ ಬೆಚ್ಚಗಿಟ್ಟು

ಟಬ್ಬನ್ನು ಹೊರಗೆ ಬಿಡಬೇಡಿ. ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಹಿಮ ಕರಗುವುದೂ ಇಲ್ಲ, ಬಣ್ಣ ಇಳಿಯುವುದೂ ಇಲ್ಲ. ಕಾರು ನಿಲ್ಲಿಸುವ ಗರಾಜು ಕೂಡ ಜನವರಿಯಲ್ಲಿ ಹೆಪ್ಪುಗಟ್ಟುವಷ್ಟು ತಣ್ಣಗಿರುತ್ತದೆ. ಬಚ್ಚಲುಮನೆ ಅಥವಾ ಬೆಚ್ಚಗಿನ ಬೇಸ್‌ಮೆಂಟ್ ಸರಿ.

ಬೆಚ್ಚಗಿನ ಕೋಣೆಯಲ್ಲೂ ಹಿಮ ಕರಗಲು ಅಷ್ಟು ಹೊತ್ತು ಏಕೆ ಬೇಕು ಎನ್ನಿಸಬಹುದು. ಒಂದು ಕಿಲೋ ಮಂಜುಗಡ್ಡೆಯನ್ನು ಕರಗಿಸಿ ನೀರು ಮಾಡಲು ತಗಲುವ ಶಾಖದಲ್ಲಿ, ಅಷ್ಟೇ ತೂಕದ ಶೂನ್ಯ ಡಿಗ್ರಿಯ ನೀರನ್ನು 80 ಡಿಗ್ರಿಗೆ ಕಾಯಿಸಬಹುದು. ಅಷ್ಟನ್ನೂ ಕೋಣೆಯ ಗಾಳಿಯಿಂದ ಹೀರಿಕೊಳ್ಳುವವರೆಗೆ ಟಬ್ಬಿನೊಳಗಿನ ಬಟ್ಟೆ ಬಾವಿನೀರಿಗಿಂತ ತಣ್ಣಗೇ ಇರುತ್ತದೆ. ಎಂಎಕ್ಸ್ ಬಣ್ಣಗಳು ಚೆನ್ನಾಗಿ ಕಚ್ಚುವುದು 21 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲೆ. ಅದಕ್ಕಿಂತ ತಣ್ಣಗಾದಷ್ಟೂ ಕೆಲಸ ನಿಧಾನ. ಹೀಗಾಗಿ ಕೊನೆಯ ಹಿಮದ ತುಣುಕು ಕರಗಿದ ಕೂಡಲೇ ತೊಳೆಯಲು ಓಡುವವರು ಅರ್ಧ ಕಚ್ಚಿದ ಬಣ್ಣವನ್ನು ಚೆಲ್ಲಿಬಿಡುತ್ತಾರೆ.

ಕರಗಿ ಮುಗಿದ ಮೇಲೆ ಕೆಳಗಿನ ನೀರು ಚೆಲ್ಲಿ. ಬಟ್ಟೆಯನ್ನು ಕದಲಿಸದೆ ಟಬ್ಬಿನ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬೆಚ್ಚಗಿನ ಮೂಲೆಯಲ್ಲಿ ಇನ್ನೂ ಹತ್ತು ಹನ್ನೆರಡು ಗಂಟೆ ಇಡಿ. ಬಟ್ಟೆ ಒಣಗಬಾರದು, ಒಣಗಿದಲ್ಲಿ ಬಣ್ಣದ ಕೆಲಸ ನಿಂತುಹೋಗುತ್ತದೆ. ಶನಿವಾರ ಮಧ್ಯಾಹ್ನ ಹೂಡಿದರೆ ಭಾನುವಾರ ಸಂಜೆ ತೊಳೆಯುವುದು ಎಂದು ಲೆಕ್ಕ ಇಟ್ಟುಕೊಂಡರೆ ಸರಿಹೋಗುತ್ತದೆ.

ತೊಳೆಯುವ ಕ್ರಮ

ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಇದು ಹಿಂದುಮುಂದಾಗಬಾರದು. ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು, ಬಟ್ಟೆ ಕೈಗೆ ನುಣುಚಿಕೊಳ್ಳುವ ಜಾರು ಹೋಗುವವರೆಗೆ ತೊಳೆಯಿರಿ. ಆ ಜಾರು ಸೋಡಾದ್ದು. ಸೋಡಾ ಹೋದ ಮೇಲೆ ಬಿಡಿಬಣ್ಣ ಬಿಳಿಯ ಜಾಗಕ್ಕೆ ಹೊಸದಾಗಿ ಕಚ್ಚುವ ಭಯವಿಲ್ಲ. ಆಮೇಲೆ ಕೈ ತಾಳಲಾರದಷ್ಟು ಬಿಸಿಯ, ಅಂದರೆ 60 ಡಿಗ್ರಿಗೂ ಮೇಲಿನ ನೀರಿಗೆ ಸ್ವಲ್ಪ ಸೌಮ್ಯ ದ್ರವ ಸೋಪು ಹಾಕಿ ಬಟ್ಟೆ ಮುಳುಗಿಸಿ ಅರ್ಧ ಗಂಟೆ ಬಿಡಿ. ಗವಸು ಹಾಕಿದ ಕೈಯಲ್ಲೂ ಕೋಲು ಬಳಸಿ. ನೂಲಿನ ನಡುವೆ ಸಿಕ್ಕಿಕೊಂಡ, ಆದರೆ ಕೂಡಿಕೊಳ್ಳದ ಬಣ್ಣ ಈ ಕಾವಿಗೆ ಮಾತ್ರ ಹೊರಬರುತ್ತದೆ. ನೀರು ಬದಲಿಸಿ ಮತ್ತೆ ಮಾಡಿ, ನೀರು ಹೆಚ್ಚುಕಡಿಮೆ ತಿಳಿಯಾಗುವವರೆಗೆ.

ಇನ್ನು ಸಾಕೇ ಎಂದು ತಿಳಿಯಲು ಒಂದು ಪರೀಕ್ಷೆ: ಒದ್ದೆ ಬಟ್ಟೆಯ ಮೇಲೆ ಬಿಳಿ ಹತ್ತಿ ಚಿಂದಿ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಚಿಂದಿಗೆ ಬಣ್ಣ ಹತ್ತಿದರೆ ಇನ್ನೊಂದು ಬಿಸಿನೀರು ಬೇಕು. ಈ ಬಟ್ಟೆಯನ್ನು ಮುಂದೆ ಬ್ಲೀಚಿನಿಂದ ದೂರ ಇಟ್ಟರೆ ಸಾಕು, ಬೇರೆ ಉಪಚಾರವಿಲ್ಲ. ಉಪ್ಪುನೀರು, ವಿನೆಗರ್ ಹಾಕಿ ಬಣ್ಣ ಗಟ್ಟಿಮಾಡುತ್ತೇವೆ ಎನ್ನುವವರ ಮಾತಿಗೆ ಇಲ್ಲಿ ಅರ್ಥವಿಲ್ಲ. ಸೋಡಾ ಇನ್ನೂ ಉಳಿದಿರುವಾಗ ವಿನೆಗರ್ ಬಿದ್ದರಂತೂ ಬಣ್ಣ ಕಚ್ಚುವುದೇ ನಿಂತುಹೋಗುತ್ತದೆ.

ಚೆಲ್ಲುವ ನೀರನ್ನು ಗಿಡದ ಬುಡಕ್ಕೆ ಹಾಕಬೇಡಿ, ಕ್ಷಾರಕ್ಕೆ ಬೇರು ಸುಡುತ್ತದೆ. ನೀರು ಬೆರೆಸಿ ಒಳಚರಂಡಿಗೆ ಬಿಡಿ.

ಹಿಮವಿಲ್ಲದ ಊರಿನಲ್ಲಿ

ಹಿಮಕ್ಕೂ ಬಟ್ಟೆಗೂ ಇರುವ ನಂಟು ಹೊಸದೇನಲ್ಲ. ಜಪಾನಿನ ನಿಯಿಗಾತ ಪ್ರಾಂತದಲ್ಲಿ ಎಚಿಗೊ ಜೋಫು, ಓಜಿಯಾ ಚಿಜಿಮಿ ಎಂಬ ರೇಮಿ ನಾರಿನ ಬಟ್ಟೆಗಳನ್ನು ಚಳಿಗಾಲದ ಕೊನೆಯ ಬಿಸಿಲಿನಲ್ಲಿ ಹಿಮದ ಬಯಲಿನ ಮೇಲೆ ಹತ್ತಿಪ್ಪತ್ತು ದಿನ ಹಾಸಿ ಬೆಳ್ಳಗಾಗಿಸುತ್ತಾರೆ. ಯುನೆಸ್ಕೊ 2009ರಲ್ಲಿ ಈ ಕಸುಬನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಹಿಮ ಬಣ್ಣ ತೆಗೆಯುತ್ತದೆ, ನಾವು ಅದರಿಂದ ಬಣ್ಣ ಹಾಕಿಸಿಕೊಳ್ಳುತ್ತೇವೆ.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರು ನಿರಾಸೆಪಡಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳ ಆಲಿಕಲ್ಲು ಮಳೆಯನ್ನು ನಂಬಿ ಬಕೆಟ್ ಹಿಡಿದು ಕಾಯುವುದೂ ಬೇಡ. ಫ್ರಿಜ್ಜಿನ ಐಸ್ ಆಗುತ್ತದೆ. ಗಟ್ಟಿ ಐಸ್ ತುಂಡುಗಳಿಂದ ಬರುವ ಚಿತ್ತಾರ ಹಿಮದಷ್ಟು ನಯವಲ್ಲ. ತುಂಡು ಕರಗಿದ ಜಾಗದ ಸುತ್ತ ದೊಡ್ಡ ದೊಡ್ಡ ನೀರಕಲೆಗಳಂತೆ, ಕೋನಕೋನವಾಗಿ ಬರುತ್ತದೆ. ಹಿಮದ ನಯವೇ ಬೇಕೆಂದರೆ ಐಸನ್ನು ದಪ್ಪ ಬಟ್ಟೆಯಲ್ಲಿ ಕಟ್ಟಿ ಜಜ್ಜಿ ಪುಡಿ ಮಾಡಬೇಕು. ಕರಾವಳಿಯವರಿಗೆ ಆ ಕಷ್ಟವೂ ಇಲ್ಲ. ಮಲ್ಪೆಯಂಥ ಮೀನುಗಾರಿಕೆ ಬಂದರಿನಲ್ಲಿ ದೋಣಿಗೆ ತುಂಬುವ ಪುಡಿ ಐಸ್ ನೋಡಿದವರಿಗೆ ಅದು ಒದ್ದೆ ಹಿಮಕ್ಕೆ ಎಷ್ಟು ಹತ್ತಿರ ಎಂಬುದು ಗೊತ್ತು.

ನಮ್ಮಲ್ಲಿ ಚಳಿಯ ತೊಂದರೆಯೂ ಇಲ್ಲ. ಬೆಂಗಳೂರಿನ 25 ಡಿಗ್ರಿಯಲ್ಲಿ ಐಸ್ ಕರಗಿದ ಮೇಲಿನ ಕೆಲಸ ತಾನಾಗಿ ಚುರುಕಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಾದರೆ ಐಸ್ ತೀರಾ ಬೇಗ ಕರಗಿ ಬಣ್ಣ ಹರಿದೇಹೋಗಬಹುದು, ರಾತ್ರಿ ಹೊತ್ತು ಹೂಡುವುದು ಲೇಸು. ತೊಳೆಯಲು ಬೋರ್‌ವೆಲ್ ನೀರೇ ಗತಿಯಾದರೆ ಸೋಡಾ ಕಲಸುವುದಕ್ಕಾದರೂ ಮಳೆನೀರನ್ನೋ ಫಿಲ್ಟರ್ ನೀರನ್ನೋ ಬಳಸಿ.

ಬಣ್ಣ ಕೊಳ್ಳುವಾಗ ಎಚ್ಚರ ಬೇಕು. ನಮ್ಮ ದೇಶದ ಬಣ್ಣದ ಅಂಗಡಿಗಳಲ್ಲಿ ರಿಯಾಕ್ಟಿವ್ ಬಣ್ಣಗಳನ್ನು ಕೋಲ್ಡ್ ಬ್ರ್ಯಾಂಡ್, ಹಾಟ್ ಬ್ರ್ಯಾಂಡ್ ಎಂದು ಬೇರೆ ಮಾಡಿ ಮಾರುತ್ತಾರೆ. ನಮಗೆ ಬೇಕಾದ್ದು ಕೋಲ್ಡ್ ಬ್ರ್ಯಾಂಡ್, ಹೆಸರಿನಲ್ಲಿ ಎಂ ಅಕ್ಷರ ಇರುವಂಥದು. ಎಚ್ ಅಕ್ಷರದ ಹಾಟ್ ಬ್ರ್ಯಾಂಡಿಗೆ 80 ಡಿಗ್ರಿಯಷ್ಟು ಕಾವು ಬೇಕು, ಐಸಿನ ಕೆಳಗೆ ಅದು ಏನೂ ಮಾಡದು. ಸುಮ್ಮನೆ ಹತ್ತಿ ಬಟ್ಟೆಯ ಬಣ್ಣ ಕೊಡಿ ಎಂದು ಕೇಳಿದರೆ ಅಂಗಡಿಯವರು ಯಾವುದನ್ನಾದರೂ ಕೊಟ್ಟಾರು. ತಣ್ಣೀರಲ್ಲಿ ಹಾಕುವುದು ಎಂದು ಬಿಡಿಸಿ ಹೇಳಿ, ಚಿಕ್ಕ ಪೊಟ್ಟಣ ತಂದು ಕರವಸ್ತ್ರದ ಮೇಲೆ ನೋಡಿ.

ಉಳಿದ ಪುಡಿಯನ್ನು ತೇವ ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ತಂದ ತಿಂಗಳು ಬರೆದಿಟ್ಟುಕೊಳ್ಳಿ. ಒಣಗಿ, ತಂಪಾಗಿ ಇದ್ದರೆ ಒಂದೆರಡು ವರ್ಷ ಕಸುವು ಉಳಿಯುತ್ತದೆ. ತೇವ ಹೊಕ್ಕ ಪುಡಿ ಹೊರನೋಟಕ್ಕೆ ಹಾಗೇ ಇರುತ್ತದೆ, ಬಟ್ಟೆಗೆ ಹಾಕಿದಾಗಲೇ ಗೊತ್ತಾಗುವುದು ಅದು ಸತ್ತಿದೆಯೆಂದು. ಸೋಡಾ ನೀರು ಮಾತ್ರ ಎಷ್ಟು ದಿನವಾದರೂ ಕೆಡುವುದಿಲ್ಲ, ಬಟ್ಟೆ ಹಿಂಡಿದ ನೀರನ್ನು ಬಕೆಟ್ಟಿನಲ್ಲಿ ಮುಚ್ಚಿಟ್ಟು ಮುಂದಿನ ಹಿಮಕ್ಕೆ ಬಳಸಬಹುದು.